ಒಂದೇ ಹೆಸರಿನ ಎರಡು ಲೈಬ್ರರಿಗಳು

ಹುಣಸೂರು ತಾಲ್ಲೂಕಿನ ಹನಗೋಡಿನಲ್ಲಿ ಲಕ್ಷ್ಮಣತೀರ್ಥ ನದಿಗೆ ಅಡ್ಡಲಾಗಿ ಕಟ್ಟಿರುವ ಅಣೆಕಟ್ಟೆಯಿಂದಾಗಲಿ, ಪಿರಿಯಾಪಟ್ಟಣದ ಹೊಲಗದ್ದೆಗಳ ನಡುವೆ ಹಾದುಬರುವ ಹಾರಂಗಿ ನಾಲೆಯಿಂದಾಗಲಿ, ಕೃಷ್ಣರಾಜನಗರದ ಬತ್ತದ ಬಯಲಿಗೆ ಕಾವೇರಿಯ ನೀರನ್ನು ತರುವ ಚಾಮರಾಜ ಎಡದಂಡೆ ಬಲದಂಡೆ ನಾಲೆಗಳಿಂದಾಗಲಿ, ಹೆಗ್ಗಡದೇವನಕೋಟೆಯ ತಾರಕ, ಹೆಬ್ಬಳ್ಳ ಜಲಾಶಯಗಳಿಂದಾಗಲಿ ನೀರು ಪಡೆದು ಬೇಸಾಯ ಮಾಡುವ ರೈತನಿಗೆ ಯಾರೂ ತಿಳಿಯಹೇಳಬೇಕಾಗಿಲ್ಲದ ಸಂಗತಿಯೊಂದುಂಟು. ಪ್ರತಿಯೊಂದು ಗದ್ದೆಗೂ ಪ್ರತ್ಯೇಕ ಬಾವಿಯನ್ನು ತೋಡುವುದಕ್ಕಿಂತ ಸಾವಿರ ಗದ್ದೆಗಳು ಒಂದೇ ನಾಲೆಯನ್ನು ಹಂಚಿಕೊಳ್ಳುವುದು ಮಿತವ್ಯಯದ ಮಾರ್ಗವೇನೋ ಹೌದು. ಆದರೆ ನಾಲೆಯ ತಲೆಯಲ್ಲಿ ಯಾರಾದರೂ ತೂಬಿನ ಮಟ್ಟವನ್ನು ನಾಲ್ಕು ಅಂಗುಲ ತಗ್ಗಿಸಿದರೆಂದರೆ, ಹಳೆಯ ಮಟ್ಟವನ್ನೇ ನಂಬಿ ಕವಲುಗಾಲುವೆ ತೋಡಿಕೊಂಡ ಕೊನೆಯಂಚಿನ ಹಿಡುವಳಿದಾರನ ಗದ್ದೆಗೆ ನೀರು ಹತ್ತುವುದಿಲ್ಲ. ಇನ್ನೊಂದು ತೊಡಕೂ ಉಂಟು. ನೀರುಗಂಟಿಯು ಹೆಸರು ಹಿಡಿದು ನೀರು ಬಿಡುವವನು. ಅಚ್ಚುಕಟ್ಟಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ, ತಂದೆಯ ಹೆಸರನ್ನೋ ಗದ್ದೆಯ ಹೆಸರನ್ನೋ ಕೂಡಿಸಿ ಹೇಳದ ಹೊರತು, ಅವನಿಗೆ ಮೊದಲು ಸಿಕ್ಕಿದವನ ಗದ್ದೆಗೇ ನೀರು ಹರಿಯುತ್ತದೆ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ಮೇಲೆ ತಂತ್ರಾಂಶಗಳು ನಡೆಯುವಾಗ ಉಂಟಾಗುವ ಒಂದು ಬಗೆಯ ಕುತ್ತು, ಹೆಚ್ಚುಕಡಿಮೆ ಈ ಎರಡು ತೊಡಕುಗಳು ಒಟ್ಟಿಗೆ ಕೂಡಿಬಂದುದರ ಫಲವೇ ಆಗಿರುತ್ತದೆ.

ಗಣಕದ ಪ್ರತಿಯೊಂದು ಪ್ರೋಗ್ರಾಮಿಗೂ ಬೇಕಾದ ಕೆಲವು ಸಾಮಾನ್ಯ ಕಾರ್ಯಗಳಿವೆ: ಕಡತವನ್ನು ತೆರೆಯುವುದು, ಮೆಮೊರಿಯಲ್ಲಿ ಸ್ಥಳ ಬೇಡುವುದು, ಅಕ್ಷರಗಳ ಸಾಲನ್ನು ಒಂದೆಡೆಯಿಂದ ಇನ್ನೊಂದೆಡೆಗೆ ನಕಲು ಮಾಡುವುದು, ಪರದೆಯ ಮೇಲೆ ಗುಂಡಿಯೊಂದನ್ನು ಬರೆಯುವುದು. ಇವುಗಳನ್ನು ಪ್ರತಿಯೊಬ್ಬ ಪ್ರೋಗ್ರಾಮರನೂ ಹೊಸದಾಗಿ ಬರೆಯುವ ಬದಲು, ಒಮ್ಮೆ ಬರೆದು ಸಿದ್ಧಪಡಿಸಿದ ಫಂಕ್ಷನ್‌ಗಳ ಸಮುಚ್ಚಯವನ್ನು ಒಂದೇ ಕಡತದಲ್ಲಿಟ್ಟು, ಎಲ್ಲ ಪ್ರೋಗ್ರಾಮುಗಳೂ ಅಗತ್ಯ ಬಿದ್ದಾಗ ಅದನ್ನೇ ಆಶ್ರಯಿಸುವಂತೆ ಮಾಡಿದುದು ಹಂಚಿಕೆಯ ಲೈಬ್ರರಿಗಳ ಮೂಲತತ್ತ್ವ. ಇದರಿಂದ ಡಿಸ್ಕಿನಲ್ಲಿಯೂ ಮೆಮೊರಿಯಲ್ಲಿಯೂ ಸ್ಥಳ ಉಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಲೈಬ್ರರಿಯಲ್ಲಿ ಸುರಕ್ಷತೆಯ ದೋಷವೊಂದು ಕಂಡುಬಂದಾಗ ಆ ಒಂದು ಕಡತವನ್ನು ತಿದ್ದಿದರೆ ಅದನ್ನು ನಂಬಿದ ನೂರಾರು ಪ್ರೋಗ್ರಾಮುಗಳು ಏಕಕಾಲಕ್ಕೆ ಸರಿಹೋಗುತ್ತವೆ. ಪ್ರೋಗ್ರಾಮು ಹೊರಡುವ ಮುನ್ನ, ಅದಕ್ಕೆ ಯಾವ ಯಾವ ಲೈಬ್ರರಿಗಳು ಬೇಕೆಂಬುದನ್ನು ಓದಿ, ಅವುಗಳನ್ನು ಹುಡುಕಿ ತಂದು, ಪ್ರೋಗ್ರಾಮಿನೊಳಗಿನ ಪ್ರತಿಯೊಂದು ಫಂಕ್ಷನ್ ಹೆಸರಿಗೂ ಲೈಬ್ರರಿಯೊಳಗಿನ ನಿಜವಾದ ವಿಳಾಸವನ್ನು ಹೊಂದಿಸಿಕೊಡುವ ಕೆಲಸವನ್ನು ಡೈನಮಿಕ್ ಲಿಂಕರ್ ಎಂಬ ಸಣ್ಣ ತಂತ್ರಾಂಶವು ಮಾಡುತ್ತದೆ.

ಲೈಬ್ರರಿಗಳು ಬೆಳೆಯುತ್ತವೆ, ಬದಲಾಗುತ್ತವೆ. ಹೊಸ ಫಂಕ್ಷನ್‌ಗಳನ್ನು ಸೇರಿಸಿದರೆ ಹಳೆಯ ಪ್ರೋಗ್ರಾಮಿಗೆ ಬಾಧಕವಿಲ್ಲ. ಆದರೆ ಇದ್ದ ಫಂಕ್ಷನ್ನಿನ ಸ್ವರೂಪವನ್ನೇ ಬದಲಿಸಿದರೆ, ಅಥವಾ ಅದು ಬಳಸುವ ದತ್ತಾಂಶದ ವಿನ್ಯಾಸದಲ್ಲಿ ಒಂದು ಅಂಕಣವನ್ನು ಹಿಂದುಮುಂದಾಗಿಸಿದರೆ, ಹಳೆಯ ವಿನ್ಯಾಸವನ್ನು ನಂಬಿ ಕಂಪೈಲ್ ಆದ ಪ್ರೋಗ್ರಾಮು ತಪ್ಪು ಜಾಗದಿಂದ ತಪ್ಪು ಬೆಲೆಯನ್ನು ಓದುತ್ತದೆ. ಆದಕಾರಣ ಪ್ರತಿಯೊಂದು ಲೈಬ್ರರಿಯ ಹೊಟ್ಟೆಯಲ್ಲಿ ಸೋನೇಮ್ ಎಂಬ ಹೆಸರೊಂದನ್ನು ಬರೆದಿಟ್ಟು, ಅದರ ಕೊನೆಯಲ್ಲಿ ಸಂಖ್ಯೆಯೊಂದನ್ನು ಇರಿಸುವ ಪದ್ಧತಿ ಬಂದಿತು. ಲೈಬ್ರರಿಗೂ ಪ್ರೋಗ್ರಾಮಿಗೂ ನಡುವಿನ ಈ ಒಪ್ಪಂದ ಮುರಿಯುವಂಥ ಬದಲಾವಣೆಯಾದಾಗ ಮಾತ್ರ ಸಂಖ್ಯೆಯನ್ನು ಏರಿಸತಕ್ಕದ್ದು. ಉಳಿದ ಸಣ್ಣಪುಟ್ಟ ತಿದ್ದುಪಡಿಗಳಿಗೆ ಏರಿಸಕೂಡದು. ಈ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದವರಲ್ಲಿ ಜಿಲಿಬ್‌ಸಿಯ ಕರ್ತೃಗಳು ಅಗ್ರಗಣ್ಯರು. ಲಿನಕ್ಸಿನ ಸಿ ಭಾಷೆಯ ಮೂಲ ಲೈಬ್ರರಿಯಾದ ಅದು 1997ರಲ್ಲಿ ಲಿಬ್‌ಸಿ.ಎಸ್‌ಒ.6 ಎಂಬ ಹೆಸರನ್ನು ತಳೆಯಿತು; ಕಾಲು ಶತಮಾನಕ್ಕೂ ಮೀರಿದ ಅವಧಿಯಲ್ಲಿ ಎಷ್ಟೋ ಬೆಳೆದಿದ್ದರೂ, ಇಂದಿಗೂ ಆ 6ನ್ನು ಬಿಟ್ಟುಕೊಟ್ಟಿಲ್ಲ. ಸೋನೇಮಿನ ಸಂಖ್ಯೆಯೊಂದರಿಂದಲೇ ಕಾರ್ಯ ಸಾಗದೆಂದು ಮನಗಂಡು, 1999ರಲ್ಲಿ ಹೊರಬಂದ ಅದರ 2.1ನೆಯ ಆವೃತ್ತಿಯಿಂದೀಚೆಗೆ ಒಂದೊಂದು ಫಂಕ್ಷನ್ನಿನ ಹೆಸರಿಗೂ ಪ್ರತ್ಯೇಕ ಆವೃತ್ತಿಯ ಅಂಕಿತವನ್ನು ಹಚ್ಚುವ ಏರ್ಪಾಡನ್ನು ಅವರು ಬಳಕೆಗೆ ತಂದರು. ಹಳೆಯ ಪ್ರೋಗ್ರಾಮಿಗೆ ಹಳೆಯ ಅಂಕಿತದ ಫಂಕ್ಷನ್, ಹೊಸದಕ್ಕೆ ಹೊಸದು. ಎರಡೂ ಒಂದೇ ಕಡತದಲ್ಲಿ.

ಈ ಏರ್ಪಾಡು ಎಂಥ ಸೂಕ್ಷ್ಮದ್ದೆಂಬುದಕ್ಕೆ 2010ರಲ್ಲಿ ನಡೆದ ಸಂಗತಿಯೊಂದನ್ನು ನೆನೆಯಬಹುದು. ಮೆಮೊರಿಯ ಒಂದು ಭಾಗವನ್ನು ಇನ್ನೊಂದೆಡೆಗೆ ನಕಲು ಮಾಡುವ ಮೆಮ್‌ಸಿಪಿವೈ ಎಂಬ ಫಂಕ್ಷನ್ನನ್ನು ವೇಗವರ್ಧನೆಗಾಗಿ ಜಿಲಿಬ್‌ಸಿಯವರು ತಿದ್ದಿ, ಕೆಲವು ಪ್ರೊಸೆಸರ್‌ಗಳಲ್ಲಿ ಅದು ಹಿಂದಿನಿಂದ ಮುಂದಕ್ಕೆ ನಕಲು ಮಾಡುವಂತೆ ರಚಿಸಿದರು. ಎರಡು ಭಾಗಗಳು ಒಂದರ ಮೇಲೊಂದು ಹಾಯ್ದಿರಕೂಡದೆಂದು ಗ್ರಂಥಸ್ಥ ನಿಯಮವಿದ್ದುದರಿಂದ ಇದರಲ್ಲಿ ಶಾಸ್ತ್ರರೀತ್ಯಾ ದೋಷವಿರಲಿಲ್ಲ. ಆದರೆ ಬ್ರೌಸರ್‌ನೊಳಗೆ ಕೂಡುವ ಫ್ಲ್ಯಾಶ್ ಪ್ಲಗಿನ್ ಆ ನಿಯಮವನ್ನು ಮೀರಿ ನಡೆಯುತ್ತಿತ್ತಾಗಿ, ಫೆಡೋರಾ ಎಂಬ ಲಿನಕ್ಸ್ ವಿತರಣೆಯ 14ನೆಯ ಆವೃತ್ತಿಯಲ್ಲಿ ಹಾಡು ಕೇಳಹೋದವರಿಗೆ ಗೊರಗೊರ ಶಬ್ದ ಕೇಳಿಸಿತು. ಲಿನಕ್ಸಿನ ಜನಕನಾದ ಲಿನಸ್ ಟೊರ್ವಾಲ್ಡ್ಸನೇ ಈ ಚರ್ಚೆಯಲ್ಲಿ ಇಳಿದು, ಬಳಕೆದಾರನಿಗೆ ಶಾಸ್ತ್ರ ಬೇಡ, ಸಂಗೀತ ಬೇಕು ಎಂಬರ್ಥದ ವಾದ ಹೂಡಿದನು. ಕಡೆಗೆ 2.14ನೆಯ ಆವೃತ್ತಿಯಲ್ಲಿ ಮೆಮ್‌ಸಿಪಿವೈಗೆ ಹೊಸ ಅಂಕಿತವೊಂದನ್ನಿತ್ತು, ಹಳೆಯ ಅಂಕಿತವನ್ನು ಬೇಡುವ ಪ್ರೋಗ್ರಾಮುಗಳಿಗೆ ಹಳೆಯ ನಡವಳಿಕೆಯನ್ನೇ ಉಳಿಸಿಕೊಡಲಾಯಿತು. ನನ್ನ ಮಟ್ಟಿಗೆ ಇದು ನ್ಯಾಯವಾದ ತೀರ್ಪೇ.

ಪ್ಲಗಿನ್ ಎಂಬುದು ಸಾಮಾನ್ಯ ಪ್ರೋಗ್ರಾಮಿಗಿಂತ ಭಿನ್ನ ಜಾತಿಯದು. ಅದು ತಾನೇ ತಾನಾಗಿ ಹೊರಡುವಂಥದಲ್ಲ. ಆಗಲೇ ಓಡುತ್ತಿರುವ ಇನ್ನೊಂದು ಪ್ರೋಗ್ರಾಮು, ತನಗೆ ಬೇಕೆನಿಸಿದ ಗಳಿಗೆಯಲ್ಲಿ ಡಿಎಲ್‌ಓಪನ್ ಎಂಬ ಕರೆಯ ಮೂಲಕ ಅದನ್ನು ತನ್ನ ಮೆಮೊರಿಗೆ ಎಳೆದುಕೊಳ್ಳುತ್ತದೆ. ಹಾಗೆ ಎಳೆದುಕೊಳ್ಳುವಾಗ ಪ್ಲಗಿನ್ನಿಗೆ ಬೇಕಾದ ಲೈಬ್ರರಿಗಳೂ ಅದರ ಬೆನ್ನಿಗೇ ಬರುತ್ತವೆ. ಪ್ರೋಗ್ರಾಮನ್ನು ಕಟ್ಟಿದವನೊಬ್ಬ, ಪ್ಲಗಿನ್ನನ್ನು ಕಟ್ಟಿದವನಿನ್ನೊಬ್ಬ. ಇಬ್ಬರೂ ಬೇರೆಬೇರೆ ದೇಶದಲ್ಲಿ, ಬೇರೆಬೇರೆ ವರ್ಷದಲ್ಲಿ, ಬೇರೆಬೇರೆ ಕಂಪೈಲರಿನಿಂದ ಕಟ್ಟಿರಬಹುದು. ಆದರೂ ಅವರ ಕೃತಿಗಳೆರಡೂ ಒಂದೇ ಮೆಮೊರಿಯಲ್ಲಿ, ಒಂದೇ ಪ್ರಕ್ರಿಯೆಯೊಳಗೆ ಬಾಳಬೇಕು. ಕನ್ನಡಿಗರ ಮಟ್ಟಿಗೆ ಈ ಸಹಬಾಳುವೆಯ ಕಷ್ಟವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿಕೊಟ್ಟುದು ಕನ್ನಡ ಅಕ್ಷರವನ್ನು ಕೀಲಿಮಣೆಯಿಂದ ಮೂಡಿಸುವ ಪ್ಲಗಿನ್.

ನಮ್ಮ ತಾಲ್ಲೂಕು ಕಚೇರಿಗಳಲ್ಲಿಯೂ ಅವುಗಳೆದುರಿನ ಬೆರಳಚ್ಚು ಅಂಗಡಿಗಳಲ್ಲಿಯೂ ಬಹುಕಾಲದಿಂದ ರೂಢಿಯಲ್ಲಿರುವುದು ವಿಂಡೋಸ್ ಮತ್ತು ನುಡಿ ತಂತ್ರಾಂಶ. ಅಲ್ಲಿ ಬೆರಳುಗಳಿಗೆ ಅಭ್ಯಾಸವಾಗಿರುವುದು ನಾಡೋಜ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ. ಅದರಲ್ಲಿ ಕೆ, ಎಫ್, ಎಕ್ಸ್ ಎಂಬ ಮೂರು ಕೀಲಿಗಳನ್ನು ಅನುಕ್ರಮವಾಗಿ ಒತ್ತಿದರೆ ಕಕಾರ, ಅರ್ಧಾಕ್ಷರದ ಚಿಹ್ನೆ, ಷಕಾರಗಳು ಕೂಡಿ ‘ಕ್ಷ’ ಮೂಡುತ್ತದೆ. ಇದೇ ವಿನ್ಯಾಸವನ್ನು ಲಿನಕ್ಸಿನಲ್ಲಿ ಬೇಕೆಂದವರಿಗೆ, ಜಪಾನಿನಲ್ಲಿ ಹುಟ್ಟಿದ ಎಂ17ಎನ್ ಎಂಬ ಬಹುಭಾಷಾ ಲೈಬ್ರರಿಯ ದತ್ತಕೋಶದಲ್ಲಿ ಕಗಪದ ಒಂದು ಪಟ್ಟಿಯುಂಟು. ಅದು ಯಾರಾದರೂ ತೆರೆದು ಓದಬಹುದಾದ ಸರಳ ಪಠ್ಯಕಡತ: ಎಡಕ್ಕೆ ಒತ್ತಿದ ಕೀಲಿ, ಬಲಕ್ಕೆ ಮೂಡಬೇಕಾದ ಅಕ್ಷರ. ಗಮನಿಸತಕ್ಕ ಅಂಶವೆಂದರೆ, ಕನ್ನಡಕ್ಕೆ ಸಂಬಂಧಿಸಿದ ಜ್ಞಾನವೆಲ್ಲವೂ ಈ ಪಟ್ಟಿಯಲ್ಲಿದೆ, ಮತ್ತು ಈ ಪಟ್ಟಿಗೆ ಯಾವ ಲೈಬ್ರರಿಯೊಡನೆಯೂ ಯಾವ ಆವೃತ್ತಿಯೊಡನೆಯೂ ಜಗಳವಿಲ್ಲ. ಜಗಳ ಹುಟ್ಟುವುದು ಆ ಪಟ್ಟಿಯನ್ನು ಬರೆಹದ ಪ್ರೋಗ್ರಾಮಿನವರೆಗೆ ಮುಟ್ಟಿಸುವ ಮಧ್ಯವರ್ತಿಗಳಲ್ಲಿ.

ಆ ಮಧ್ಯವರ್ತಿಗಳಲ್ಲಿ ಮೊದಲು ಪ್ರಾಬಲ್ಯಕ್ಕೆ ಬಂದುದು ಚೀನಾದ ಸು ಝೆ ಎಂಬಾತ ಪ್ರಾರಂಭಿಸಿದ ಸ್ಕಿಮ್. ಚೀನೀ, ಜಪಾನೀ ಭಾಷೆಗಳಿಗಾಗಿ ಹುಟ್ಟಿದರೂ ಭಾರತೀಯ ಭಾಷೆಗಳಿಗೂ ಅದು ಒದಗಿಬಂದಿತು. ಅದರ ಕ್ರಮ ಹೀಗೆ: ಜಿಟಿಕೆ ಎಂಬ ಚಿತ್ರಾತ್ಮಕ ಲೈಬ್ರರಿಯನ್ನು ಆಶ್ರಯಿಸಿದ ಯಾವ ಪ್ರೋಗ್ರಾಮನ್ನೇ ತೆರೆಯಿರಿ, ಅದರ ಬರೆಹದ ಚೌಕಕ್ಕೆ ನೀವು ಕೈಯಿಟ್ಟೊಡನೆ ಜಿಟಿಕೆಯು ಐಎಂ-ಸ್ಕಿಮ್ ಎಂಬ ಸಣ್ಣ ಪ್ಲಗಿನ್ ಕಡತವನ್ನು ಆ ಪ್ರೋಗ್ರಾಮಿನ ಮೆಮೊರಿಗೆ ಎಳೆದುಕೊಳ್ಳುತ್ತದೆ, ಕೀಲಿಯ ಪ್ರತಿಯೊಂದು ಒತ್ತೂ ಮೊದಲು ಈ ಪ್ಲಗಿನ್ನಿನ ಕೈಗೆ ಹೋಗಿ, ಅಲ್ಲಿಂದ ಕನ್ನಡದ ಅಕ್ಷರವಾಗಿ ಹಿಂದಿರುಗುತ್ತದೆ. ಅಂದರೆ, ಈ ಒಂದು ಪ್ಲಗಿನ್ನು ನಿರ್ದಿಷ್ಟ ಪ್ರೋಗ್ರಾಮೊಂದರ ಪರಿಚಾರಕವಲ್ಲ, ಗಣಕದಲ್ಲಿರುವ ಹೆಚ್ಚುಕಡಿಮೆ ಎಲ್ಲ ಪ್ರೋಗ್ರಾಮುಗಳ ಒಳಗೂ ಪ್ರವೇಶಿಸುವಂಥದು. ಅವುಗಳಲ್ಲಿ ಯಾವುದನ್ನು ಯಾರು ಯಾವಾಗ ಕಟ್ಟಿದರೆಂಬುದನ್ನು ಸ್ಕಿಮ್ ಕಟ್ಟಿದವರು ಊಹಿಸಲೂ ಸಾಧ್ಯವಿರಲಿಲ್ಲ.

ಸ್ಕಿಮ್ ರಚಿತವಾದುದು ಸಿ++ ಭಾಷೆಯಲ್ಲಿ. ಆ ಭಾಷೆಯ ಮೂಲ ಲೈಬ್ರರಿಯಾದ ಲಿಬ್‌ಎಸ್‌ಟಿಡಿಸಿ++, ಸಿಯ ಲೈಬ್ರರಿಯಂತೆ ಒಂದೇ ಸಂಖ್ಯೆಯಲ್ಲಿ ನೆಲೆನಿಂತುದಲ್ಲ. ಜಿಸಿಸಿ ಕಂಪೈಲರಿನ 3.2ನೆಯ ಆವೃತ್ತಿ 2002ರಲ್ಲಿ ಬಂದಾಗ ಅದರ ಸೋನೇಮಿನ ಸಂಖ್ಯೆ 5. 2004ರ ಏಪ್ರಿಲಿನಲ್ಲಿ 3.4ನೆಯದು ಬಂದಾಗ 6. ಲಿನಕ್ಸ್ ವಿತರಣೆಗಳನ್ನು ಕಟ್ಟುವವರು ತಮ್ಮ ಬಳಿಯಿರುವ ಮೂಲಸಂಕೇತವನ್ನೆಲ್ಲ ಮತ್ತೆ ಕಂಪೈಲ್ ಮಾಡಿ 6ಕ್ಕೆ ದಾಟಿದರು, ಸ್ಕಿಮ್ಮೂ ದಾಟಿತು. ಆದರೆ ಮೂಲಸಂಕೇತವನ್ನು ಕೊಡದೆ ಸಿದ್ಧರೂಪದಲ್ಲಿ ಮಾತ್ರ ಹಂಚಲ್ಪಡುತ್ತಿದ್ದ ವಾಣಿಜ್ಯ ತಂತ್ರಾಂಶಗಳಲ್ಲಿ ಹಲವು ಇನ್ನೂ 5ನ್ನೇ ನಂಬಿಕೊಂಡಿದ್ದವು. ಅಂಥ ತಂತ್ರಾಂಶವೊಂದನ್ನು ತೆರೆದು, ಹುಡುಕುವ ಚೌಕದಲ್ಲಿ ಪದವೊಂದನ್ನು ಬರೆಯಲು ತೊಡಗಿದೊಡನೆ, ಐದರ ಪಕ್ಕದಲ್ಲಿ ಆರು ಬಂದು ಕೂಡುತ್ತಿತ್ತು. ಮರುಕ್ಷಣ ಕಿಟಕಿಯೇ ಮಾಯ. ಟರ್ಮಿನಲ್ಲಿನಿಂದ ತೆರೆದವರಿಗೆ ಮಾತ್ರ ಸೆಗ್ಮೆಂಟೇಶನ್ ಫಾಲ್ಟ್ ಎಂಬ ಎರಡು ಪದಗಳ ಮರಣವಾರ್ತೆ ಸಿಕ್ಕುತ್ತಿತ್ತು.

ಎರಡು ಆವೃತ್ತಿಗಳು ಒಟ್ಟಿಗಿದ್ದ ಮಾತ್ರಕ್ಕೆ ಪ್ರೋಗ್ರಾಮು ಏಕೆ ಸಾಯಬೇಕು? ಇದನ್ನು ಸ್ವಲ್ಪ ಸಮೀಪದಿಂದ ನೋಡುವುದು ಯೋಗ್ಯ. ಸಿ++ ಭಾಷೆಯಲ್ಲಿ ಅಕ್ಷರಗಳ ಸಾಲನ್ನು ಸ್ಟ್ರಿಂಗ್ ಎನ್ನುತ್ತಾರೆ. ಅಂದಿನ ಲೈಬ್ರರಿಯಲ್ಲಿ, ಒಳಗೆ ಒಂದಕ್ಷರವೂ ಇಲ್ಲದ ಖಾಲಿ ಸ್ಟ್ರಿಂಗುಗಳೆಲ್ಲವೂ, ಪ್ರತಿಯೊಂದಕ್ಕೂ ಬೇರೆಬೇರೆ ಮೆಮೊರಿ ವ್ಯಯವಾಗದಿರಲೆಂದು, ಲೈಬ್ರರಿಯೊಳಗೇ ಸ್ಥಿರವಾಗಿದ್ದ ಒಂದು ಖಾಲಿ ದಾಖಲೆಯ ಕಡೆಗೆ ಬೆರಳುಮಾಡುತ್ತಿದ್ದವು. ಸ್ಟ್ರಿಂಗಿನ ಕೆಲಸ ಮುಗಿದು ಅದನ್ನು ಅಳಿಸುವಾಗ, ಅದು ಆ ಸ್ಥಿರ ದಾಖಲೆಯನ್ನೇ ತೋರಿಸುತ್ತಿದೆಯೆ ಎಂದು ವಿಳಾಸವನ್ನು ಹೋಲಿಸಿ ನೋಡಲಾಗುತ್ತಿತ್ತು. ಹೌದಾದರೆ ಅದನ್ನು ಮುಟ್ಟಕೂಡದು, ಅಲ್ಲವಾದರೆ, ಬಳಸುವವರು ಬೇರೆ ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು, ಮೆಮೊರಿಯನ್ನು ಹಿಂದಿರುಗಿಸಬೇಕು. ಲೈಬ್ರರಿಯ ಪ್ರತಿಗಳು ಎರಡಾದಾಗ ಸ್ಥಿರ ದಾಖಲೆಗಳೂ ಎರಡಾದವು. ಒಂದರಲ್ಲಿ ಹುಟ್ಟಿದ ಖಾಲಿ ಸ್ಟ್ರಿಂಗನ್ನು ಇನ್ನೊಂದರ ಸಂಕೇತವು ಅಳಿಸಹೊರಟಾಗ ವಿಳಾಸಗಳು ಹೊಂದಲಿಲ್ಲ. ಎಂದೂ ಬೇಡಿ ಪಡೆಯದ ಮೆಮೊರಿಯನ್ನು ಹಿಂದಿರುಗಿಸುವ ಪ್ರಯತ್ನ ನಡೆಯಿತು. ಅಲ್ಲಿಗೆ ಪ್ರಕ್ರಿಯೆ ಮುಗಿಯಿತು. ಏನೂ ಇಲ್ಲದ ಸ್ಟ್ರಿಂಗಿನಿಂದ ಇಷ್ಟು ದೊಡ್ಡ ಅನರ್ಥವಾದೀತೆಂಬುದು ತರ್ಕಕ್ಕೆ ನಿಲುಕಿದರೂ ಮನಸ್ಸಿಗೆ ಒಗ್ಗಲು ಕಾಲ ಬೇಕು.

ಹಾಗಾದರೆ ಐದರ ಸಂಕೇತವು ಆರರ ಸ್ಟ್ರಿಂಗಿಗೆ ಕೈಹಾಕಿದುದಾದರೂ ಹೇಗೆ, ಹೆಸರುಗಳಿಗೆ ಆವೃತ್ತಿಯ ಅಂಕಿತವಿರಲಿಲ್ಲವೆ ಎಂಬ ಪ್ರಶ್ನೆ ಏಳುವುದು ಸಹಜ. ಲೈಬ್ರರಿಗಳೊಳಗಿನ ಹೆಸರುಗಳಿಗೆ ಅಂಕಿತವಿತ್ತು, ಐದಕ್ಕೆ ಒಂದು ಬಗೆಯದು, ಆರಕ್ಕೆ ಮತ್ತೊಂದು. ಆದರೆ ಸಿ++ ಭಾಷೆಯಲ್ಲಿ ಟೆಂಪ್ಲೇಟ್ ಎಂಬುದೊಂದಿದೆ. ಅದರಿಂದ ಹುಟ್ಟುವ ಫಂಕ್ಷನ್‌ಗಳು ಲೈಬ್ರರಿಯಲ್ಲಿ ಉಳಿಯದೆ, ಅದನ್ನು ಬಳಸಿದ ಪ್ರತಿಯೊಂದು ಪ್ರೋಗ್ರಾಮಿನ ಒಡಲಿನಲ್ಲಿಯೂ ನಕಲಾಗಿ ಮೂಡುತ್ತವೆ, ಹಾಗೆ ಮೂಡಿದ ನಕಲುಗಳಿಗೆ ಯಾವ ಅಂಕಿತವೂ ಇರುವುದಿಲ್ಲ. ಡೈನಮಿಕ್ ಲಿಂಕರಾದರೋ, ಪ್ಲಗಿನ್ನು ಒಂದು ಹೆಸರನ್ನು ಕೇಳಿದಾಗ, ಮೊದಲು ಮುಖ್ಯ ಪ್ರೋಗ್ರಾಮಿನಲ್ಲಿ, ಬಳಿಕ ಅದು ತಂದ ಲೈಬ್ರರಿಗಳಲ್ಲಿ, ಅಲ್ಲಿ ಯಾವುದೂ ಸಿಕ್ಕದಿದ್ದರೆ ಮಾತ್ರ ಪ್ಲಗಿನ್ನಿನದೇ ಲೈಬ್ರರಿಗಳಲ್ಲಿ ಹುಡುಕುತ್ತದೆ. ಮುಖ್ಯ ಪ್ರೋಗ್ರಾಮು ಅಂಕಿತವಿಲ್ಲದ ಹೆಸರನ್ನು ಹೊರಗೆ ಕಾಣುವಂತೆ ಇಟ್ಟುಕೊಂಡಿದ್ದರೆ, ಲಿಂಕರ್ ಅದನ್ನೇ ಒಪ್ಪಿಕೊಂಡುಬಿಡುತ್ತದೆ. ಹೀಗೆ ಆರನ್ನು ನಂಬಿ ಕಟ್ಟಿದ ಪ್ಲಗಿನ್ನಿನ ಕರೆಯು ಐದನ್ನು ನಂಬಿ ಕಟ್ಟಿದ ಪ್ರೋಗ್ರಾಮಿನೊಳಗೆ ಹೋಗಿ ಬಿದ್ದಿತು. ಇಲ್ಲಿ ಕಡತ ಕಾಣೆಯಾದುದಲ್ಲ, ಯಾವುದೂ ಕೆಟ್ಟುದಲ್ಲ. ಬೇಕಾದ ಎರಡೂ ಇದ್ದುದೇ ಕೇಡಾಯಿತು. ಆವೃತ್ತಿಗಳ ಘರ್ಷಣೆಯೆಂದರೆ ಲೈಬ್ರರಿಯೊಂದರ ಅಭಾವವೆಂದು ತಿಳಿದು, ಸಿಕ್ಕಸಿಕ್ಕ ಆವೃತ್ತಿಗಳನ್ನೆಲ್ಲ ತಂದು ಸುರಿಯುವವರು ಗಮನಿಸದೆ ಹೋಗುವ ಅಂಶ ಇದೇ.

ಈ ಆಪತ್ತಿಗೆ ಪ್ರಯೋಗಿಸಲ್ಪಟ್ಟ ಚಿಕಿತ್ಸೆಗಳಲ್ಲಿ ಅತ್ಯಂತ ಕೀಳು ದರ್ಜೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. 5 ಎಂಬ ಹೆಸರಿನ ಕೊಂಡಿಯೊಂದನ್ನು ಸೃಷ್ಟಿಸಿ ಅದು 6ನೆಯ ಕಡತವನ್ನು ತೋರಿಸುವಂತೆ ಮಾಡುವುದು. ಲಿಂಕರಿನ ಬಾಯಿ ಮುಚ್ಚಿಸಬಹುದು, ಒಪ್ಪಂದವನ್ನು ಬದಲಿಸಲಾಗದು. ಸುಳ್ಳು ಹೆಸರಿನ ಲೈಬ್ರರಿಯು ಈಗಲ್ಲದಿದ್ದರೆ ಇನ್ನೊಂದು ಗಳಿಗೆಗೆ ಮೋಸ ಮಾಡುತ್ತದೆ. ಪರಿಸರ ಚರಾಂಕಗಳ ಮೂಲಕ ಹುಡುಕುವ ದಾರಿಯನ್ನೇ ತಿರುಗಿಸುವುದು ಇದಕ್ಕಿಂತ ಮೇಲು, ರೋಗನಿದಾನಕ್ಕೆ ಉಪಯುಕ್ತ, ನಿತ್ಯದ ಔಷಧವಾಗಿ ಅಪಾಯಕರ, ಏಕೆಂದರೆ ಆ ಟರ್ಮಿನಲ್ಲಿನಿಂದ ಹೊರಡುವ ಪ್ರತಿಯೊಂದು ಪ್ರೋಗ್ರಾಮಿಗೂ ಆ ತಿರುವು ಅನ್ವಯಿಸುತ್ತದೆ. 2004ರ ಕೊನೆಯಲ್ಲಿ ಬಂದ ಜಿಲಿಬ್‌ಸಿ 2.3.4ರಲ್ಲಿ, ಪ್ಲಗಿನ್ನಿನ ಹೆಸರುಗಳನ್ನು ಮೊದಲು ಪ್ಲಗಿನ್ನಿನದೇ ಲೈಬ್ರರಿಗಳಲ್ಲಿ ಹುಡುಕತಕ್ಕದ್ದೆಂದು ಆಜ್ಞಾಪಿಸುವ ಡೀಪ್‌ಬೈಂಡ್ ಎಂಬ ಸೂಚನೆಯನ್ನು ಸೇರಿಸಿದರು. ಹೆಸರುಗಳ ಗೊಂದಲ ಅದರಿಂದ ಬಹುಮಟ್ಟಿಗೆ ನೀಗುತ್ತದೆಯಾದರೂ, ಆ ಸೂಚನೆಯನ್ನು ಕೊಡಬೇಕಾದವನು ಪ್ಲಗಿನ್ನನ್ನು ಎಳೆದುಕೊಳ್ಳುವವನು; ಪ್ಲಗಿನ್ ಕಟ್ಟಿದವನ ಕೈಯಲ್ಲಿ ಏನೂ ಇಲ್ಲ. ಫೆಡೋರಾ ವಿತರಣೆಯವರು ಇನ್ನೂ ಸಾಹಸದ ದಾರಿ ಹಿಡಿದರು: ಮುಂದೆಂದೋ ಬರಬೇಕಾಗಿದ್ದ ಏಳನೆಯ ಲಿಬ್‌ಎಸ್‌ಟಿಡಿಸಿ++ನ ಪ್ರಾಯೋಗಿಕ ರೂಪವನ್ನು ತೆಗೆದುಕೊಂಡು ಸ್ಕಿಮ್ಮನ್ನು ಅದರ ಮೇಲೆ ಕಟ್ಟಿದರು. ಏಳರಲ್ಲಿ ಎಲ್ಲ ಹೆಸರುಗಳಿಗೂ ಬೇರೆಯೇ ಒಳಹೆಸರು ಸೇರಿದ್ದುದರಿಂದ, ಐದರೊಡನೆಯಾಗಲಿ ಆರರೊಡನೆಯಾಗಲಿ ಯಾವ ಹೆಸರೂ ಡಿಕ್ಕಿ ಹೊಡೆಯಲಿಲ್ಲ. ಆ ಏಳನೆಯ ಸಂಖ್ಯೆ ಇಂದಿಗೂ ಅಧಿಕೃತವಾಗಿ ಚಲಾವಣೆಗೆ ಬಂದಿಲ್ಲ. ಲೋಕವೆಲ್ಲ ಇನ್ನೂ ಆರರಲ್ಲಿಯೇ ಇದೆ.

ಜಪಾನಿನ ರಿಯೋ ದೈರಿಕಿ 2006ರಲ್ಲಿ ಹೊರತಂದ ಸ್ಕಿಮ್-ಬ್ರಿಜ್ ಮಾತ್ರ ಸಮಸ್ಯೆಯ ಬೇರನ್ನೇ ನೋಡಿತು. ಪರರ ಪ್ರಕ್ರಿಯೆಯೊಳಗೆ ಕಾಲಿಡುವ ಪ್ಲಗಿನ್ನಿನಲ್ಲಿ ಸಿ++ನ ಸಂಕೇತ ಇರಲೇಬೇಕೆ? ಕೀಲಿಯ ಒತ್ತನ್ನು ಆ ಕಡೆಗೆ ಕಳುಹಿಸಿ, ಅಕ್ಷರವನ್ನು ಈ ಕಡೆಗೆ ಪಡೆಯುವುದಿಷ್ಟೇ ಅದರ ಕೆಲಸವಾದರೆ, ಕೆಲವು ನೂರು ಸಾಲುಗಳ ಸಾದಾ ಸಿ ಸಾಲದೆ? ಹೀಗೆ ಯೋಚಿಸಿ ಅವನು ಪ್ಲಗಿನ್ನನ್ನು ಸಿ ಭಾಷೆಯಲ್ಲಿ ಬರೆದು, ಸಿ++ನಲ್ಲಿದ್ದ ಭಾರವಾದ ಭಾಗವನ್ನೆಲ್ಲ ಪ್ರತ್ಯೇಕ ಪ್ರಕ್ರಿಯೆಗೆ ಹೊರಹಾಕಿ, ಎರಡರ ನಡುವೆ ಸಾಕೆಟ್ಟಿನ ಮೂಲಕ ಸಂದೇಶಗಳು ಹಾಯುವಂತೆ ಮಾಡಿದನು. ಒಂದು ಪ್ರಕ್ರಿಯೆಯಲ್ಲಿ ಐದು, ಇನ್ನೊಂದರಲ್ಲಿ ಆರು. ಎರಡೂ ಒಂದೇ ಮೆಮೊರಿಯಲ್ಲಿ ಭೇಟಿಯಾಗುವ ಸಂಭವವೇ ತಪ್ಪಿತು. ಇದರಿಂದ ಕೀಲಿಯ ಒತ್ತು ಒಂದಿಷ್ಟು ದೂರ ಸುತ್ತಿಬರುವಂತಾಯಿತೆಂಬುದು ನಿಜ. ಬೆರಳಿನ ವೇಗಕ್ಕೆ ಹೋಲಿಸಿದರೆ ಅದು ಗಣನೆಗೆ ಬಾರದಷ್ಟು. 2008ರಲ್ಲಿ ಹುವಾಂಗ್ ಪೆಂಗ್ ಆರಂಭಿಸಿದ ಐಬಸ್ ಈ ತತ್ತ್ವವನ್ನೇ ತನ್ನ ಅಸ್ತಿಭಾರವಾಗಿ ಮಾಡಿಕೊಂಡಿತು: ಒಳಗೆ ಹೋಗುವುದು ಸಿ ಭಾಷೆಯ ತೆಳುವಾದ ಪ್ಲಗಿನ್, ಭಾಷೆಯ ಯಂತ್ರ ಹೊರಗಿನ ಪ್ರಕ್ರಿಯೆಯಲ್ಲಿ, ನಡುವೆ ಡಿ-ಬಸ್ ಎಂಬ ಸಂದೇಶವಾಹಕ. 2009ರಲ್ಲಿ ಫೆಡೋರಾ 11 ಮತ್ತು ಉಬುಂಟು 9.10 ಸ್ಕಿಮ್ಮನ್ನು ಬಿಟ್ಟು ಐಬಸ್ಸನ್ನು ಸ್ವೀಕರಿಸಿದವು. ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟುವಿನ ಮೇಲೆ ಕನ್ನಡ ಬೆರಳಚ್ಚನ್ನು ಅಭ್ಯಾಸ ಮಾಡತೊಡಗಿದ ಕಾಲಕ್ಕೆ, ಐದು ಆರುಗಳ ಆ ಕಲಹ ಆಗಲೇ ಮುಗಿದುಹೋಗಿದ್ದಿತು.

ಮುಗಿದುದು ಆ ಕಲಹ ಮಾತ್ರ, ಕಲಹದ ಜಾತಿಯಲ್ಲ. ಪ್ಲಗಿನ್ ಕಟ್ಟಹೊರಟ ಇಂದಿನ ವಿದ್ಯಾರ್ಥಿಗೆ ಅದು ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ಮೈಸೂರಿನ ಕಾಲೇಜಿನಲ್ಲಿ ಉಬುಂಟು 22.04ರ ಮೇಲೆ ಕಟ್ಟಿದ ಪ್ಲಗಿನ್ನೊಂದನ್ನು ಹೆಗ್ಗಡದೇವನಕೋಟೆಯ ಶಾಲೆಯಲ್ಲಿ ಇನ್ನೂ 18.04 ನಡೆಯುತ್ತಿರುವ ಗಣಕಕ್ಕೆ ಪೆನ್‌ಡ್ರೈವಿನಲ್ಲಿ ಒಯ್ದರೆಂದುಕೊಳ್ಳೋಣ. ಅದು ಹೊರಡುವುದಿಲ್ಲ, ಜಿಲಿಬ್‌ಸಿ 2.34ರ ಅಂಕಿತ ಸಿಕ್ಕಲಿಲ್ಲವೆಂಬ ಸಂದೇಶ ಬರುತ್ತದೆ. ಕಾರಣವಿಷ್ಟೆ: 22.04ರಲ್ಲಿರುವುದು ಜಿಲಿಬ್‌ಸಿಯ 2.35ನೆಯ ಆವೃತ್ತಿ, 18.04ರಲ್ಲಿರುವುದು 2.27. ಸಮಾಂತರ ಎಳೆಗಳನ್ನು ಹುಟ್ಟಿಸುವ ಪಿಥ್ರೆಡ್ ಫಂಕ್ಷನ್‌ಗಳು 2021ರಲ್ಲಿ ಬಂದ 2.34ರಲ್ಲಿ ತಮ್ಮ ಪ್ರತ್ಯೇಕ ಲೈಬ್ರರಿಯನ್ನು ತೊರೆದು ಲಿಬ್‌ಸಿಯೊಳಕ್ಕೆ ಬಂದು ಹೊಸ ಅಂಕಿತ ಪಡೆದವು. ಎಳೆಗಳನ್ನು ಬಳಸುವ ಪ್ಲಗಿನ್ನನ್ನು ಹೊಸ ಗಣಕದಲ್ಲಿ ಕಟ್ಟಿದರೆ ಆ ಹೊಸ ಅಂಕಿತವೇ ಅದಕ್ಕೆ ಅಂಟಿಕೊಳ್ಳುತ್ತದೆ. ಜಿಲಿಬ್‌ಸಿಯ ವಾಗ್ದಾನವು ಒಂದೇ ದಿಕ್ಕಿನದು: ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ನಡೆದೀತು, ಹೊಸದರ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ನಡೆಯಬೇಕೆಂದಿಲ್ಲ. ಆದುದರಿಂದ, ಎಲ್ಲಿ ನಡೆಯಬೇಕೋ ಆ ಗಣಕಗಳಲ್ಲಿ ಅತ್ಯಂತ ಹಳೆಯದನ್ನು ಹೋಲುವ ಕಂಟೇನರ್ ಒಂದರೊಳಗೆ ಪ್ಲಗಿನ್ನನ್ನು ಕಟ್ಟುವುದೇ ಕ್ಷೇಮ. ಪೈಥಾನ್ ಬಳಗದವರು 2016ರಲ್ಲಿ ಮೆನಿಲಿನಕ್ಸ್1 ಎಂಬ ಏರ್ಪಾಡನ್ನು ವಿಧಿಸಿದಾಗ, ಆಗಲೇ ಮುದಿಯಾಗಿದ್ದ ಸೆಂಟ್‌ಓಎಸ್ 5ನ್ನೂ ಅದರ ಜಿಲಿಬ್‌ಸಿ 2.5ನ್ನೂ ಬೇಕೆಂದೇ ಆರಿಸಿಕೊಂಡುದು ಈ ಕಾರಣದಿಂದ.

ಕಟ್ಟಿದ ಮೇಲೆ ನೋಡಿಕೊಳ್ಳುವ ಉಪಕರಣಗಳು ಲಿನಕ್ಸಿನಲ್ಲಿ ಧಾರಾಳವಾಗಿವೆ. ಎಲ್‌ಡಿಡಿ ಎಂಬ ಆದೇಶವು ಪ್ಲಗಿನ್ನಿಗೆ ಬೇಕಾದ ಲೈಬ್ರರಿಗಳು ಈ ಗಣಕದಲ್ಲಿ ಎಲ್ಲೆಲ್ಲಿ ಸಿಕ್ಕುವುವೆಂದು ತೋರಿಸುತ್ತದೆ. ಅಪರಿಚಿತರಿಂದ ಬಂದ ಕಡತದ ಮೇಲೆ ಅದನ್ನು ಪ್ರಯೋಗಿಸಕೂಡದು, ಕೆಲವು ಸಂದರ್ಭಗಳಲ್ಲಿ ಅದು ಆ ಕಡತದ ಸಂಕೇತವನ್ನೇ ನಡೆಸಿಬಿಡುವುದುಂಟು. ಅಂಥ ಕಡೆ ರೀಡೆಲ್ಫ್ ಎಂಬ ಆದೇಶ ನಿರಪಾಯ. ಅದು ಓದುತ್ತದೆಯೇ ಹೊರತು ನಡೆಸುವುದಿಲ್ಲ. ಆದರೆ ಇವೆರಡೂ ಪ್ಲಗಿನ್ನನ್ನು ಒಂಟಿಯಾಗಿ ನೋಡುತ್ತವೆ, ಒಂಟಿಯಾಗಿದ್ದಾಗ ಅದರಲ್ಲಿ ದೋಷ ಕಾಣುವುದಿಲ್ಲ. ಘರ್ಷಣೆಯನ್ನು ಕಾಣಬೇಕಾದರೆ, ಎಲ್‌ಡಿ_ಡೀಬಗ್ ಎಂಬ ಚರಾಂಕಕ್ಕೆ ಬೈಂಡಿಂಗ್ಸ್ ಎಂಬ ಬೆಲೆ ಕೊಟ್ಟು ಮುಖ್ಯ ಪ್ರೋಗ್ರಾಮನ್ನೇ ಹೊರಡಿಸಬೇಕು. ಆಗ ಲಿಂಕರ್, ಯಾವ ಕಡತದ ಯಾವ ಹೆಸರನ್ನು ಯಾವ ಕಡತದಲ್ಲಿ ಹೊಂದಿಸಿದೆನೆಂದು ಸಾಲುಸಾಲಾಗಿ ಒದರುತ್ತದೆ. ಸಾವಿರಾರು ಸಾಲುಗಳ ಆ ಒದರಾಟದಲ್ಲಿ, ಪ್ಲಗಿನ್ನಿನ ಹೆಸರೊಂದು ಮುಖ್ಯ ಪ್ರೋಗ್ರಾಮಿಗೆ ಹೋಗಿ ಸೇರಿದ ಒಂದು ಸಾಲು ಸಿಕ್ಕಿದರೆ, ಕಳ್ಳ ಸಿಕ್ಕಿದಂತೆಯೇ. ಘರ್ಷಣೆಯ ಸಂಭವವಿದೆಯೆ ಎಂಬುದಷ್ಟೇ ತಿಳಿಯಬೇಕಾದರೆ, ಓಡುತ್ತಿರುವ ಪ್ರಕ್ರಿಯೆಯ ಮ್ಯಾಪ್ಸ್ ಕಡತವನ್ನು ತೆರೆದು, ಒಂದೇ ಲೈಬ್ರರಿಯ ಎರಡು ಸಂಖ್ಯೆಗಳು ಅಲ್ಲಿ ಒಟ್ಟಿಗೆ ಕುಳಿತಿವೆಯೆ ಎಂದು ನೋಡಿದರೂ ಸಾಕು.

ಪ್ಲಗಿನ್ ಕಟ್ಟುವವನು ತನ್ನ ಕಡೆಯಿಂದ ಮಾಡಬಹುದಾದುದರಲ್ಲಿ ಬಹುಫಲದಾಯಕವಾದುದು, ತನ್ನ ಪ್ಲಗಿನ್ನಿನ ಹೆಸರುಗಳಲ್ಲಿ ಹೊರಗೆ ಕಾಣಲೇಬೇಕಾದ ಎರಡು ಮೂರನ್ನು ಬಿಟ್ಟು ಮಿಕ್ಕೆಲ್ಲವನ್ನೂ ಮರೆಮಾಡುವುದು. ಕಂಪೈಲರಿಗೆ ವಿಸಿಬಿಲಿಟಿ ಹಿಡನ್ ಎಂಬ ಸೂಚನೆಯನ್ನಿತ್ತು, ಸಿ++ ಲೈಬ್ರರಿಯನ್ನು ಹಂಚಿಕೆಯದಾಗಿ ಇರಗೊಡದೆ ಪ್ಲಗಿನ್ನಿನೊಳಗೇ ಅಡಕಮಾಡಿ, ಹಾಗೆ ಅಡಕವಾದ ಹೆಸರುಗಳು ಹೊರಗೆ ಕಾಣದಂತೆ ಲಿಂಕರಿಗೆ ಕಟ್ಟುಮಾಡಿದರೆ, ಮುಖ್ಯ ಪ್ರೋಗ್ರಾಮಿನಲ್ಲಿ ಯಾವ ಆವೃತ್ತಿಯಿದ್ದರೂ ಇದರ ಗೊಡವೆಗೆ ಅದು ಬರುವುದಿಲ್ಲ, ಅದರ ಗೊಡವೆಗೆ ಇದು ಹೋಗುವುದಿಲ್ಲ. ಇದಕ್ಕೊಂದು ಕರಾರುಂಟು: ಪ್ರೋಗ್ರಾಮಿಗೂ ಪ್ಲಗಿನ್ನಿಗೂ ನಡುವೆ ಹಾಯುವ ವಸ್ತುಗಳಲ್ಲಿ ಸಿ++ನ ಸ್ಟ್ರಿಂಗಾಗಲಿ ಅಂಥ ಬೇರೆ ರಚನೆಯಾಗಲಿ ಇರಕೂಡದು, ಸಂಖ್ಯೆಗಳು, ವಿಳಾಸಗಳು, ಸಿ ಭಾಷೆಯ ಸಾದಾ ಫಂಕ್ಷನ್‌ಗಳು, ಇಷ್ಟೇ. 2015ರಲ್ಲಿ ಬಂದ ಜಿಸಿಸಿ 5 ಸ್ಟ್ರಿಂಗಿನ ವಿನ್ಯಾಸವನ್ನೇ ಬದಲಿಸಿದಾಗ, ಸೋನೇಮಿನ ಆರನೆಯ ಸಂಖ್ಯೆಯನ್ನು ಉಳಿಸಿಕೊಂಡು, ಹಳೆಯ ಮತ್ತು ಹೊಸ ಸ್ಟ್ರಿಂಗುಗಳೆರಡನ್ನೂ ಬೇರೆಬೇರೆ ಒಳಹೆಸರಿನಿಂದ ಒಂದೇ ಲೈಬ್ರರಿಯಲ್ಲಿ ಇರಿಸಿದುದು, 2004ರ ಅನುಭವದಿಂದ ಕಲಿತ ವಿವೇಕವೆಂದೇ ನಾನು ಭಾವಿಸುತ್ತೇನೆ.

ಲೈಬ್ರರಿಗಳನ್ನೆಲ್ಲ ತನ್ನೊಡನೆಯೇ ಕಟ್ಟಿಕೊಂಡು ಬರುವ ತಂತ್ರಾಂಶಗಳ ಸಂತತಿ ಈಚೆಗೆ ಹೆಚ್ಚಿರುವುದು ಕಾಣುತ್ತದೆ. ಹಂಚಿಕೊಳ್ಳುವ ತೊಂದರೆಯೇ ಬೇಡವೆಂಬ ಈ ಮನೋಭಾವ ಅರ್ಥವಾಗುವಂಥದೇ. ಆದರೆ ಅದರ ಬೆಲೆಯನ್ನು ತೆರುವವರು ಸಣ್ಣ ಭಾಷೆಗಳವರು. ಕನ್ನಡದ ಒತ್ತಕ್ಷರಗಳನ್ನು ಸರಿಯಾದ ಸ್ಥಾನದಲ್ಲಿ ಕೂಡಿಸುವ ಕೆಲಸ ಹಾರ್ಫ್‌ಬಜ್ ಎಂಬ ಲೈಬ್ರರಿಯದು. ಲಿಬ್ರೆಆಫೀಸ್ 2013ರ 4.1ನೆಯ ಆವೃತ್ತಿಯಲ್ಲಿ, ಲಿನಕ್ಸಿನ ಮಟ್ಟಿಗೆ, ತನ್ನ ಹಿಂದಿನ ಐಸಿಯು ವಿನ್ಯಾಸಯಂತ್ರವನ್ನು ಬಿಟ್ಟು ಹಾರ್ಫ್‌ಬಜ್ಜನ್ನು ಆಶ್ರಯಿಸಿತು. ಹಂಚಿಕೆಯ ಹಾರ್ಫ್‌ಬಜ್ಜಿನಲ್ಲಿ ಕನ್ನಡದ ದೋಷವೊಂದನ್ನು ತಿದ್ದಿದರೆ ಎಲ್ಲ ಪ್ರೋಗ್ರಾಮುಗಳಲ್ಲಿಯೂ ಒತ್ತು ನೆಟ್ಟಗಾಗುತ್ತದೆ. ಹಳೆಯ ಪ್ರತಿಯೊಂದನ್ನು ಗಂಟುಕಟ್ಟಿ ತಂದ ಪ್ರೋಗ್ರಾಮಿನಲ್ಲಿ ಮಾತ್ರ, ಅದನ್ನು ಕಟ್ಟಿದವರು ಮನಸ್ಸು ಮಾಡುವವರೆಗೆ, ಅದು ವಕ್ರವಾಗಿಯೇ ಉಳಿಯುತ್ತದೆ. ಗುಬ್ಬಿ, ನವಿಲುಗಳಂಥ ಒಳ್ಳೆಯ ಅಕ್ಷರಶೈಲಿಗಳಿದ್ದೂ ಅಂಥ ಪ್ರೋಗ್ರಾಮಿನಲ್ಲಿ ಪ್ರಯೋಜನವಿಲ್ಲ.

ಬೆರಳಚ್ಚಿನ ವಿಷಯದಲ್ಲಿಯೂ ಹಾಗೆಯೇ. ಜಿಟಿಕೆಯಂತೆಯೇ ಚಿತ್ರಾತ್ಮಕ ಲೈಬ್ರರಿಯಾದ ಕ್ಯೂಟಿಯ ಸ್ವಂತ ಪ್ರತಿಯನ್ನು ಹೊತ್ತು ತರುವ ತಂತ್ರಾಂಶವೊಂದರಲ್ಲಿ ಕನ್ನಡ ಮೂಡುತ್ತಿಲ್ಲವೆಂದು ದೂರಿದರೆ, ಮೊದಲು ನೋಡಬೇಕಾದುದು ಅದರ ಪ್ಲಗಿನ್ಸ್ ಕೋಶದೊಳಗಣ ಪ್ಲಾಟ್‌ಫಾರ್ಮ್‌ಇನ್‌ಪುಟ್‌ಕಾಂಟೆಕ್ಸ್ಟ್ಸ್ ಎಂಬ ಉಪಕೋಶವನ್ನು: ಐಬಸ್ಸಿನ ಪ್ಲಗಿನ್ ಅಲ್ಲಿ ಇದೆಯೆ ಎಂದು. ಇಲ್ಲವಾದರೆ ಗಣಕದ ಕ್ಯೂಟಿಯಿಂದ ಅದನ್ನು ನಕಲುಮಾಡಿ ಹಾಕುವ ಆಸೆ ಹುಟ್ಟುತ್ತದೆ. ಆದರೆ ತನಗಿಂತ ಹೊಸ ಆವೃತ್ತಿಯ ಮೇಲೆ ಕಟ್ಟಿದ ಪ್ಲಗಿನ್ನನ್ನು ಕ್ಯೂಟಿ ಪರೀಕ್ಷಿಸಿ, ಹೊಂದದ ಲೈಬ್ರರಿಯೆಂದು ಹೇಳಿ ಹೊರಗೆ ನಿಲ್ಲಿಸುತ್ತದೆ. ಸದ್ದಿಲ್ಲದೆ ಒಪ್ಪಿಕೊಂಡು ನಡುವೆ ಸಾಯುವುದಕ್ಕಿಂತ ಬಾಗಿಲಲ್ಲೇ ನಿರಾಕರಿಸುವ ಈ ರೀತಿ ಉತ್ತಮ. ಆಗ ಉಳಿದಿರುವ ಮಾರ್ಗವೆಂದರೆ, ತಂತ್ರಾಂಶದೊಳಗಿನ ಕ್ಯೂಟಿಯ ಸಂಖ್ಯೆಯನ್ನು ನೋಡಿಕೊಂಡು, ಅದೇ ಆವೃತ್ತಿಯ ಮೂಲಸಂಕೇತವನ್ನು ತರಿಸಿ, ಐಬಸ್ಸಿನ ಪ್ಲಗಿನ್ನನ್ನು ಅದರ ಮೇಲೆ ಕಟ್ಟುವುದು. ವೇಲ್ಯಾಂಡ್ ಎಂಬ ಹೊಸ ಪರದೆವ್ಯವಸ್ಥೆಯಲ್ಲಿ ಪ್ರೋಗ್ರಾಮು ಅಕ್ಷರವನ್ನು ಐಬಸ್ಸಿನ ಪ್ಲಗಿನ್ನಿನಿಂದಲ್ಲದೆ ನೇರವಾಗಿ ಪರದೆಯ ಒಡೆಯನಾದ ಕಂಪೋಸಿಟರಿನಿಂದಲೇ ಸಂದೇಶರೂಪದಲ್ಲಿ ಪಡೆಯಬಹುದಾಗಿದ್ದು, ಆ ಕ್ರಮಕ್ಕೆ ಒಗ್ಗಿದ ಪ್ರೋಗ್ರಾಮುಗಳಲ್ಲಿ ಐಬಸ್ಸಿನ ಕಡತವೊಂದನ್ನು ಒಳಗೆ ಎಳೆದುಕೊಳ್ಳುವ ಅಗತ್ಯವೇ ಬೀಳುವುದಿಲ್ಲ; ಹಳೆಯ ಎಕ್ಸ್ ವ್ಯವಸ್ಥೆಯನ್ನೇ ನಂಬಿರುವ ಪ್ರೋಗ್ರಾಮುಗಳಿಗೆ ಮಾತ್ರ ಹಿಂದಿನ ಪ್ಲಗಿನ್ನೇ ಇಂದಿಗೂ ಗತಿ.